ಅಡ್ಡಸುರಂಗದ ಗಾಳಿ

"ಹೊಗೆ ಬಿಡುವ ಟ್ಯೂಬನ್ನು ಉಲ್ಟಾ ಹಿಡಿದಿರಬೇಕು ನೀವು," ಎಂದಳು ಸ್ಫೂರ್ತಿ.

ಮನೋಹರ ಆಫೀಸಿನ ಬಾಗಿಲಲ್ಲೇ ನಿಂತಿದ್ದ. ಹೆಲ್ಮೆಟ್ಟು ಕಂಕುಳಲ್ಲಿತ್ತು. ಮ್ಯಾಂಗನೀಸಿನ ಕರಿ ಧೂಳು ರೆಪ್ಪೆಗಳ ಮೇಲೆ ಕೂತು ಕಾಡಿಗೆ ಹಚ್ಚಿದ ಹಾಗೆ ಕಾಣುತ್ತಿತ್ತು. ಅದನ್ನು ನೋಡಬಾರದೆಂದು ಅವಳು ಮೇಜಿನ ಮೇಲೆ ಹರಡಿದ್ದ ಗಣಿಯ ನಕ್ಷೆಯನ್ನೇ ನೋಡುತ್ತಿದ್ದಳು.

"ಹೊಗೆಗೆ ಉಲ್ಟಾ ಸುಲ್ಟಾ ಎಂತದ್ರೀ ಮೇಡಂ? ಟ್ಯೂಬ್ ಒತ್ತಿದೆ, ಬಿಳಿ ಹೊಗೆ ಬಂತು, ಹೋತು. ಪಶ್ಚಿಮದಿಂದ ಪೂರ್ವಕ್ಕೆ."

"ಹೋಗಲಿಕ್ಕೆ ಸಾಧ್ಯವೇ ಇಲ್ಲ. ಪೂರ್ವದಿಂದ ಪಶ್ಚಿಮಕ್ಕೇ ಹೋಗಬೇಕು."

"ಗಾಳಿಗೆ ತಿಳಿಸಿದ್ರ್ಯಾ?"

ಅವಳು ತಲೆಯೆತ್ತಿದಳು. ಅವನು ನಗುತ್ತಿರಲಿಲ್ಲ, ಆದರೆ ಕೆನ್ನೆಯ ಒಂದು ಬದಿಯಲ್ಲಿ ನಗೆ ಬಚ್ಚಿಟ್ಟುಕೊಂಡ ಗುರುತಿತ್ತು. ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಜೊತೆ ಇನ್ನೊಂದೂ ಬಂತು. ಅದಕ್ಕೆ ಅವಳು ಹೆಸರಿಟ್ಟಿರಲಿಲ್ಲ.

"ಮೂರು ಸಲ ಲೆಕ್ಕ ಹಾಕಿದ್ದೇನೆ, ಮನೋಹರ ಅವರೇ. ತಮಾಷೆ ಅಲ್ಲ ಇದು. ನಾಳೆಯಿಂದ ಜನ ಆ ಅಡ್ಡಸುರಂಗದಲ್ಲಿ ಕೂತು ಊಟ ಮಾಡ್ತಾರೆ."

ಅವನು ಒಳಗೆ ಬಂದು ನಕ್ಷೆಯ ಮೇಲೆ ಬಾಗಿದ. ತಾನೇ ಪೆನ್ಸಿಲ್ಲಿನಲ್ಲಿ ಬರೆದಿದ್ದ ಪುಟ್ಟ ಬಾಣದ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದ.

"ನೀವು ಹೇಳಿದ್ಮೇಲೆ ಮುಗೀತು. ನಾನೇ ತಪ್ಪು ನೋಡಿರ್ಬೇಕು."

ಹೋಗುವಾಗ ಮೇಜಿನ ಮೂಲೆಯಲ್ಲಿ ಎಲೆಯ ಪೊಟ್ಟಣವೊಂದನ್ನು ಇಟ್ಟು ಹೋದ. ಬಿಚ್ಚಿದರೆ ಕೌಳಿ ಹಣ್ಣು, ಕಪ್ಪಗೆ ಮಾಗಿದ್ದು. ವಜ್ರಳ್ಳಿಯಿಂದ ಬರುವ ದಾರಿಯಲ್ಲಿ ಬೈಕು ನಿಲ್ಲಿಸಿ, ಮುಳ್ಳು ತರಚಿಸಿಕೊಂಡು ಕೊಯ್ದದ್ದು. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು ನಕ್ಷೆಗೆ ಸಹಿ ಮಾಡಿದಳು.

ಇಡಗುಂದಿಯಿಂದ ಒಳಕ್ಕೆ, ಕಾಡಿನ ರಸ್ತೆ ಮುಗಿಯುವಲ್ಲಿ ಇರುವುದು ಕರಿಬೇಣದ ಗುಡ್ಡ. ಗಣಿ ಅದರ ಹೊಟ್ಟೆಯಲ್ಲಿ. ಬುಡದಲ್ಲಿ ಗಣಿಯ ಬಾಯಿ, ನೆತ್ತಿಯಲ್ಲಿ ದೊಡ್ಡ ಫ್ಯಾನು. ಫ್ಯಾನು ಎಳೆದಂತೆ ಬುಡದಿಂದ ಗಾಳಿ ಒಳಗೆ ನುಗ್ಗಿ, ಪೂರ್ವದ ಸುರಂಗ ಪಶ್ಚಿಮದ ಸುರಂಗ ಎಂದು ಎರಡಾಗಿ ಹರಿದು, ಮತ್ತೆ ಕೂಡಿ ನೆತ್ತಿಯಿಂದ ಹೊರಬೀಳುತ್ತದೆ. ಎರಡು ಸುರಂಗಗಳ ನಡುವೆ, ಏಣಿಯ ಮೆಟ್ಟಿಲಿನಂತೆ, ಅಡ್ಡಸುರಂಗವೊಂದಿದೆ.

ಸ್ಫೂರ್ತಿಗೆ ಭಯವಿದ್ದದ್ದು ಆ ಅಡ್ಡಸುರಂಗದ ಬಗ್ಗೆ. ಬೇರೆ ದಾರಿಗಳ ಗಾಳಿಗೆ ಒಂದು ನಿಯತ್ತಿದೆ. ಬುಡದಿಂದ ಹೊರಟರೆ ನೆತ್ತಿಗೇ. ಅಡ್ಡಸುರಂಗಕ್ಕೆ ಹಾಗಿಲ್ಲ. ಎರಡು ಬದಿಗಳಲ್ಲಿ ಒತ್ತಡ ಎಲ್ಲಿ ಹೆಚ್ಚೋ ಅಲ್ಲಿಂದ ಕಡಿಮೆಯ ಕಡೆಗೆ ಅದರ ಗಾಳಿ ತಿರುಗುತ್ತದೆ. ದೂರದಲ್ಲಿ ಎಲ್ಲೋ ಒಂದು ದಾರಿ ಇಕ್ಕಟ್ಟಾದರೂ ಸಾಕು, ಅದು ಮುಖ ತಿರುಗಿಸಬಹುದು.

ಅವಳ ಕೆಲಸವೇ ಅದನ್ನು ಕಾಯುವುದು. ಕಂಪ್ಯೂಟರಿನಲ್ಲಿ ಅವಳು ಗಣಿಯನ್ನು ಒಂದು ಬಲೆಯನ್ನಾಗಿ ಮಾಡಿದ್ದಳು. ಪ್ರತಿ ಸುರಂಗವೂ ಒಂದು ಎಳೆ, ಸುರಂಗಗಳು ಕೂಡುವ ಪ್ರತಿ ಜಾಗವೂ ಒಂದು ಗಂಟು. ಒಂದು ಗಂಟಿಗೆ ಎಷ್ಟು ಗಾಳಿ ಬಂತೋ ಅಷ್ಟೇ ಅಲ್ಲಿಂದ ಹೊರಡಬೇಕು. ಯಾವ ಗಂಟಿನಿಂದ ಹೊರಟು ಸುತ್ತಿ ಅಲ್ಲಿಗೇ ಬಂದರೂ ಒತ್ತಡದ ಏರಿಳಿತ ಕೂಡಿ ಕಳೆದು ಸೊನ್ನೆಯಾಗಬೇಕು. ಮೊದಲು ಒಂದು ಅಂದಾಜು ಕೊಟ್ಟರೆ ಯಂತ್ರ ಅದನ್ನು ತಿದ್ದುತ್ತ ತಿದ್ದುತ್ತ, ಬಲೆಯ ಎಲ್ಲ ಗಂಟುಗಳೂ ಒಪ್ಪುವ ತನಕ ಬಿಡುತ್ತಿರಲಿಲ್ಲ. ಗಣಿಯವರು ಅವಳನ್ನು ಗಾಳಿ ಮೇಡಂ ಎಂದು ಕರೆಯುತ್ತಿದ್ದರು.

ಸ್ಫೂರ್ತಿಯ ಅಪ್ಪಯ್ಯ ಉಬ್ಬಸದಲ್ಲಿ ತೀರಿಕೊಂಡವರು. ಉಮ್ಮಚಗಿಯ ಮನೆಯ ಕಿಟಕಿಯ ಸರಳು ಹಿಡಿದು, ಲೋಕದಲ್ಲಿ ಅಷ್ಟು ಗಾಳಿ ತುಂಬಿದ್ದರೂ ಒಂದು ಗುಟುಕು ಸಿಗದೆ ಬಾಯಿ ತೆರೆಯುತ್ತಿದ್ದ ಆ ಮುಖವನ್ನು ಅವಳು ಮರೆತಿರಲಿಲ್ಲ. ದೇವರು ಉಸಿರು ಕೊಡುವಾಗ ಅಳತೆ ಮಾಡುವುದಿಲ್ಲ. ಮನುಷ್ಯ ಗುಡ್ಡದೊಳಗೆ ಹೊಕ್ಕು ಉಸಿರು ಹಂಚಲು ಹೊರಟರೆ ಅಳೆಯದೆ ವಿಧಿಯಿಲ್ಲ. ಅಳೆದದ್ದನ್ನು ಮತ್ತೆ ಮತ್ತೆ ಲೆಕ್ಕ ಹಾಕದೆ ಅವಳು ಬಿಡುತ್ತಿರಲಿಲ್ಲ.

ಮೇ ತಿಂಗಳ ಬಿಸಿಲು ಜೋರಾಗಿತ್ತು. ಮಧ್ಯಾಹ್ನ ಪಶ್ಚಿಮ ಸುರಂಗದಲ್ಲಿ ಬಂಡೆ ಸಿಡಿಸುವ ಹೊತ್ತಿಗೆ ಎಲ್ಲರೂ ಹೊರಗೆ ಬಂದು, ಊಟ ಮುಗಿಸಿ ಮತ್ತೆ ಒಳಗೆ ನಡೆಯಬೇಕಿತ್ತು. ಅದರಲ್ಲೇ ದಣಿವಾಗುತ್ತದೆ, ತಂಪಾಗಿರುವ ಅಡ್ಡಸುರಂಗದಲ್ಲೇ ಕೂತು ಉಣ್ಣುತ್ತೇವೆ ಎಂದು ಜನ ಕೇಳಿದ್ದರು. ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತಿದ್ದರೆ ಸಿಡಿಮದ್ದಿನ ವಿಷಹೊಗೆ ಅಡ್ಡಸುರಂಗಕ್ಕೆ ಬರುವುದಿಲ್ಲ. ಅದಕ್ಕೇ ಮ್ಯಾನೇಜರ್ ಗಿರೀಶರು ಲೆಕ್ಕ ಕೇಳಿದ್ದರು. ಅದಕ್ಕೇ ಒಳಗಿನ ಕೆಲಸ ನೋಡಿಕೊಳ್ಳುವ ಓವರ್‌ಮನ್ ಮನೋಹರ ಹೊಗೆ ಬಿಟ್ಟು ನೋಡಿದ್ದ. ಹೊರಗೇ ಉಣ್ಣಲಿ ಅನ್ನಲು ಅವಳಿಗೆ ಇನ್ನೂ ಅವಕಾಶವಿತ್ತು. ಅವಳು ಸಹಿ ಮಾಡಿದ್ದಳು.

ಮಾರನೆಯ ದಿನ ಬೆಳಿಗ್ಗೆಯಿಂದಲೇ ಅವಳಿಗೆ ಮನಸ್ಸು ನಿಲ್ಲಲಿಲ್ಲ. ಅಳಿಸಿದ ಬಾಣದ ಗುರುತು ನಕ್ಷೆಯ ಮೇಲೆ ಬೂದು ಕಲೆಯಾಗಿ ಉಳಿದಿತ್ತು. ಅವನು ಅಷ್ಟು ಬೇಗ ಯಾಕೆ ಒಪ್ಪಿದ? ನೀರಿನ ಪೈಪಿನ ವಿಷಯಕ್ಕೆ ಗಿರೀಶರ ಜೊತೆ ಅರ್ಧ ದಿನ ವಾದ ಮಾಡಿದವನು, ತನ್ನ ಕಣ್ಣೆದುರು ಹೋದ ಹೊಗೆಯನ್ನು ಒಂದು ಮಾತಿಗೆ ಬಿಟ್ಟುಕೊಟ್ಟನಲ್ಲ!

ಅವಳು ಕಂಪ್ಯೂಟರಿಗೆ ಲೆಕ್ಕವನ್ನು ತಿರುಗಿಸಿ ಕೊಟ್ಟಳು. ಅವನು ನೋಡಿದ್ದೇ ನಿಜವೆಂದಾದರೆ, ಬಲೆಯ ಯಾವ ಎಳೆ ಬಿಗಿದಿರಬೇಕು? ಒಂದೊಂದೇ ಸುರಂಗವನ್ನು ಸುಳ್ಳುಸುಳ್ಳೇ ಇಕ್ಕಟ್ಟು ಮಾಡುತ್ತ ಹೋದಳು. ಯಾವುದಕ್ಕೂ ಬಾಣ ತಿರುಗಲಿಲ್ಲ. ಕೊನೆಗೆ, ಪೂರ್ವದ ಸುರಂಗದಲ್ಲಿ ಅಡ್ಡಸುರಂಗಕ್ಕಿಂತ ಕೆಳಗಿರುವ ಮೊದಲ ತುಂಡನ್ನು ಬಿಗಿದಾಗ, ಪರದೆಯ ಮೇಲೆ ಅಡ್ಡಸುರಂಗದ ಬಾಣ ಒಮ್ಮೆಲೇ ತಿರುಗಿ ನಿಂತಿತು.

ಅವಳು ಎದ್ದು ಪಕ್ಕದ ಲ್ಯಾಂಪ್ ರೂಮಿಗೆ ಓಡಿದಳು. ಒಳಗೆ ಹೋಗುವವರಿಗೆ ತಲೆದೀಪ ಕೊಡುವ ರೋಹಿಣಿ ಅಲ್ಲಿ ಕೂತಿದ್ದಳು.

"ರೋಹಿಣಿ, ಪೂರ್ವದ ಸುರಂಗದಲ್ಲಿ ಕಲ್ಲುಗಿಲ್ಲು ಬಿದ್ದಿದೆಯಾ? ಯಾರಾದ್ರೂ ಹೇಳಿದ್ರಾ?"

"ಇಲ್ಲಲ್ರೀ. ಎಂತದೂ ಬಿದ್ದಿಲ್ಲ." ರೋಹಿಣಿ ಯೋಚಿಸಿದಳು. "ಮಾಸ್ತಿಯಣ್ಣ ದೀಪಕ್ಕೆ ಗೋಣಿ ಕಟ್ಟಿದ್ದ, ಅದೊಂದೇ."

"ಯಾವ ದೀಪ?"

"ಚೌಡಮ್ಮ ದೇವರ ದೀಪ. ಮಾಸ್ತಿಯಣ್ಣನ ಹೆಂಡ್ತಿ ತೀರ್ಕೊಂಡ್ಲಲ್ಲ ಹೋದ ವರ್ಷ. ಅವ ಗಣಿಗೆ ಇಳಿದ್ರೆ ಹೊರಗೆ ಬರೋ ತನಕ ಅವಳು ಮನೇಲಿ ದೀಪ ಆರಗೊಡ್ತಿರ್ಲಿಲ್ವಂತೆ. ಈಗ ಯಾರಿದ್ದಾರೆ ಹಚ್ಚೂಕೆ? ಅದ್ಕೇ ಅವ ಪೂರ್ವದ ಸುರಂಗದಲ್ಲಿ ಚೌಡಮ್ಮನ ಗೂಡಿನೆದುರು ತಾನೇ ಹಚ್ತಾನೆ. ಗಾಳಿಗೆ ಆರ್ತದೆ ಅಂತ ಗೋಣಿ ಕಟ್ಟಿದ. ಆಮೇಲೆ ಉಳಿದವ್ರೂ ಒಂದೊಂದು ಕಟ್ಟಿದ್ರು, ಪುಣ್ಯ ಬರ್ಲಿ ಅಂತ. ಈಗ ಅಡ್ಡಡ್ಡ ಸರಿದು ಹೋಗೋಷ್ಟೇ ಜಾಗ ಉಂಟಂತೆ. ಮನೋಹರಣ್ಣನ್ನ ಕೇಳಿಯೇ ಕಟ್ಟಿದ್ದು."

ಸ್ಫೂರ್ತಿ ಗೋಡೆಯ ಫೋನಿನ ಕಡೆಗೆ ತಿರುಗಿದಳು. ಅವಳು ಆ ಸುರಂಗವನ್ನು ಅಳೆದದ್ದು ಚಳಿಗಾಲದಲ್ಲಿ. ಗೋಣಿಯಿಂದ ಗಾಳಿ ತಿರುಗೀತೆಂದು ಮನೋಹರನಿಗೆ ಹೊಳೆದಿರಲಿಲ್ಲ. ಗೋಣಿ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ.

ಹೊರಗೆ ಸೈರನ್ ಕೂಗಿತು, ಮಧ್ಯಾಹ್ನದ ಸಿಡಿತಕ್ಕೆ.

ಅವಳು ಫೋನಿನ ಹಿಡಿಕೆ ಎತ್ತಿ ಅಡ್ಡಸುರಂಗದ ಗುಂಡಿ ಒತ್ತಿದಳು. ಕೆಳಗೆ ಗಂಟೆ ಹೊಡೆಯುತ್ತಿತ್ತು, ಯಾರೂ ಎತ್ತಲಿಲ್ಲ. ಆಗಲೇ ಪಾದದಡಿಯ ನೆಲ ಒಮ್ಮೆ ಮೆಲ್ಲಗೆ ಅದುರಿತು. ಬಾಗಿಲ ಬಳಿಯ ನೀರಿನ ಕೊಡದಲ್ಲಿ ಅಲೆ ಎದ್ದಿತು.

"ದೇವರೇ, ಒಂದು ಸಲ ಎತ್ತಲಿ," ಎಂದಳು ಅವಳು.

"ಹೇಳ್ರಿ ಮೇಡಂ." ಮನೋಹರನ ದನಿ. ಹಿಂದೆ ಯಾರೋ ನಗುತ್ತಿದ್ದರು, ಬುತ್ತಿಯ ಮುಚ್ಚಳದ ಸದ್ದಾಯಿತು. "ಊಟಕ್ಕೆ ಕೂತಿದ್ವಿ. ಬರ್ತ್ರ್ಯಾ?"

"ಏಳಿ! ಎಲ್ಲರನ್ನೂ ಎಬ್ಬಿಸಿ. ಹೊಗೆ ನಿಮ್ಮ ಕಡೆಗೇ ಬರ್ತದೆ. ಪೂರ್ವಕ್ಕೆ ಓಡಿ, ಅಲ್ಲಿಂದ ಕೆಳಗೆ ಚೌಡಮ್ಮನ ಕಡೆಗೆ. ಗೋಣಿ ಕಿತ್ತುಹಾಕಿ. ನಿಮ್ಮ ಬಾಣವೇ ಸರಿ, ಮನೋಹರ. ನನ್ನದು ತಪ್ಪು."

ಒಂದು ಕ್ಷಣ ಏನೂ ಕೇಳಲಿಲ್ಲ. ಆಮೇಲೆ, "ಬುತ್ತಿ ಬಿಡ್ರೋ! ಏಳ್ರೋ!" ಎಂಬ ಕೂಗು. ಹಿಡಿಕೆ ಗೋಡೆಗೆ ಬಡಿಯುತ್ತ ತೂಗಾಡುವ ಸದ್ದು.

ಗಣಿಯ ಬಾಯಿಯಲ್ಲಿ ಅವಳು ನಿಂತಳು. ಗಿರೀಶರು ಓಡಿ ಬಂದರು, ರಕ್ಷಣೆಯವರು ಮುಖವಾಡ ಕಟ್ಟಿಕೊಂಡು ಒಳಗೆ ನುಗ್ಗಿದರು. ಒಳಗಿನಿಂದ ಒಬ್ಬೊಬ್ಬರೇ ಬಂದರು, ಕೆಮ್ಮುತ್ತ, ಗೋಡೆ ಹಿಡಿದುಕೊಂಡು. ಪ್ರತಿ ಮುಖವನ್ನೂ ಅವಳು ಆಸೆಯಿಂದ ನೋಡಿದಳು. ಯಾವ ಮುಖವೂ ಮನೋಹರನದಾಗಿರಲಿಲ್ಲ. ಬದುಕಿ ಬಂದವನ ಮುಖ ಕಂಡು ನಿರಾಸೆಯಾಯಿತಲ್ಲ ಎಂದು ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು.

"ಮಾಸ್ತಿಗೆ ನಡೆಯಲಿಕ್ಕೆ ಕಾಲು ಬರಲಿಲ್ಲ," ಎಂದ ಕೊನೆಗೆ ಬಂದವನು. "ಮನೋಹರಣ್ಣ ವಾಪಸ್ ಹೋದ."

ಸಿಡಿಮದ್ದಿನ ಹೊಗೆಯಲ್ಲಿ ಕಣ್ಣಿಗೆ ಕಾಣುವುದು ಬರೀ ಧೂಳು. ಕೊಲ್ಲುವುದು ಕಾಣುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ. ಮೊದಲು ತಲೆ ಭಾರವಾಗುತ್ತದೆ, ಆಮೇಲೆ ಮೊಣಕಾಲು ಮಾತು ಕೇಳುವುದಿಲ್ಲ. ಇದೆಲ್ಲ ಸ್ಫೂರ್ತಿಗೆ ಪಾಠದಂತೆ ಬಾಯಿಗೆ ಬರುತ್ತಿತ್ತು. ಗೊತ್ತಿರುವವರ ಭಯಕ್ಕೆ ತಳವಿರುವುದಿಲ್ಲ. ಅವಳು ಸುರಂಗದ ಕತ್ತಲೆಗೆ ಕೈಮುಗಿದು ನಿಂತಳು. ಪ್ರಾರ್ಥನೆಗೆ ಮಾತು ಬರಲಿಲ್ಲ. ಅಪ್ಪಯ್ಯನ ಮುಖ ಮಾತ್ರ ಬರುತ್ತಿತ್ತು, ಸರಳು ಹಿಡಿದ ಕೈ ಬರುತ್ತಿತ್ತು.

ಒಮ್ಮೆಲೇ ಅವಳ ಬೆನ್ನನ್ನು ಯಾರೋ ನೂಕಿದಂತಾಯಿತು. ಹೊರಗಿನ ಗಾಳಿ ಗಣಿಯ ಬಾಯಿಗೆ ಜೋರಾಗಿ ನುಗ್ಗಿತು. ಅವಳ ದುಪಟ್ಟಾ ಹಾರಿ ಒಳಗಿನ ಕಡೆಗೆ ಬೀಸಿತು. ಒಳಗೆ ಯಾರೋ ಗೋಣಿ ಕಿತ್ತಿದ್ದರು.

ಅವರಿಬ್ಬರನ್ನೂ ಹೊತ್ತು ತಂದಾಗ ಮಾಸ್ತಿ ನರಳುತ್ತಿದ್ದ. ಮನೋಹರ ಸದ್ದು ಮಾಡಲಿಲ್ಲ. ಅವನ ತುಟಿ ಕೌಳಿ ಹಣ್ಣು ತಿಂದವರ ತುಟಿಯಂತೆ ಬಣ್ಣಗೆಟ್ಟಿತ್ತು.

ಯಲ್ಲಾಪುರದ ಆಸ್ಪತ್ರೆಯಲ್ಲಿ ನೋಡಿ, ಸಿರ್ಸಿಗೆ ಕರೆದೊಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ಅವಳು ಅವನ ಎದೆಯನ್ನೇ ನೋಡುತ್ತ ಕೂತಿದ್ದಳು, ಏಳುವುದು, ಇಳಿಯುವುದು. ಇಳಿದದ್ದು ಮತ್ತೆ ಏಳುವ ತನಕ ತಾನೂ ಉಸಿರು ಬಿಡಲಿಲ್ಲ.

ಮೂರನೆಯ ದಿನ ಅವನು ಕಣ್ಣು ಬಿಟ್ಟ. ಮಂಚದ ಪಕ್ಕ ಅವಳಿದ್ದಳು.

"ಮಾಸ್ತಿ?" ಎಂದ.

"ನಿನ್ನೆ ಗಂಜಿ ಉಂಡಿದ್ದಾನೆ. ಅಳ್ತಾನೆ, ಮತ್ತೆ ಉಣ್ತಾನೆ. ಇನ್ನು ಜನ್ಮದಲ್ಲಿ ದೀಪ ಹಚ್ಚೂದಿಲ್ಲ ಅಂತಾನೆ. ಹಚ್ಚು ಅಂದೆ. ದೀಪದ ಸುತ್ತ ಗಾಜಿನ ಗೂಡು ಮಾಡಿಸಿಕೊಡ್ತೇನೆ ಅಂದೆ. ದೇವರಿಗೆ ದೀಪ ಬೇಕು, ಗೋಡೆ ಬೇಡ."

ಅವನು ನಗಲು ಹೋಗಿ ಕೆಮ್ಮಿದ. ಅವಳು ನೀರು ಕುಡಿಸಿದಳು. ಲೋಟವನ್ನು ಕೆಳಗಿಟ್ಟ ಮೇಲೆ ಅವಳ ತಾಳ್ಮೆ ಮುಗಿಯಿತು.

"ಯಾಕೆ ಅಳಿಸಿದ್ರಿ? ಕಣ್ಣಾರೆ ಕಂಡದ್ದನ್ನು ಯಾಕೆ ಅಳಿಸಿದ್ರಿ?"

"ನೀವು ಹೇಳಿದ್ರಲ್ಲ."

"ನಾನು ಹೇಳಿದ್ರೆ? ನಾನೇನು ದೇವರಾ?"

ಅವನು ಮುಖವನ್ನು ಚಾವಣಿಯ ಕಡೆಗೆ ತಿರುಗಿಸಿದ. "ನಿಮ್ಮೆದ್ರು ನಿಂತ್ರೆ ವಾದ ಬರೂದಿಲ್ಲ ನಂಗೆ," ಎಂದ. "ನೀವು ತಲೆ ಎತ್ತಿ ನೋಡಿದ್ರಿ. ಪೂರ್ವ ಯಾವ್ದು ಪಶ್ಚಿಮ ಯಾವ್ದು ಅಂತ್ಲೇ ಮರೆತ್ಹೋತು."

ಬೇರೆ ದಿನವಾಗಿದ್ದರೆ ಆ ಮಾತಿಗೆ ಅವಳು ಎಷ್ಟು ರಾತ್ರಿ ನಿದ್ದೆಗೆಡುತ್ತಿದ್ದಳೋ. ಆ ದಿನ ಅವಳಿಗೆ ಮೈ ತಣ್ಣಗಾಯಿತು.

"ಇಂಥ ಪ್ರೀತಿ ಬೇಡ ನಂಗೆ," ಎಂದಳು. "ಇದು ಒಳಗೆ ಇದ್ದವರನ್ನೆಲ್ಲ ಕೊಲ್ತಿತ್ತು." ಅವನ ಮುಖ ನೋಡಲಾರದೆ ಎದ್ದು ಹೊರಗೆ ಬಂದುಬಿಟ್ಟಳು.

ತನಿಖೆ ನಡೆಯಿತು. ಗೋಣಿಗೆ ಹೂಂ ಅಂದವನು ತಾನೇ ಎಂದು ಮನೋಹರ ಹೇಳಿದ. ನಡೆದು ನೋಡದೆ ಹಳೆಯ ಅಳತೆಗೆ ಸಹಿ ಮಾಡಿದವಳು ತಾನು ಎಂದು ಸ್ಫೂರ್ತಿ ಹೇಳಿದಳು. ಗಣಿ ನಿಂತಿತು. ಅವಳು ಮತ್ತೆ ಒಳಗೆ ಇಳಿದು ಒಂದೊಂದು ಸುರಂಗವನ್ನೂ ಹೆಜ್ಜೆ ಹೆಜ್ಜೆ ನಡೆದು ಅಳೆದಳು. ಪಶ್ಚಿಮ ಸುರಂಗದ ಮೊದಲಲ್ಲಿ ಗಾಳಿಯನ್ನು ಸ್ವಲ್ಪ ತಡೆಯುವ ಬಾಗಿಲೊಂದನ್ನು ಹಾಕಿಸಿದಳು. ಇನ್ನು ಪೂರ್ವದಲ್ಲಿ ಏನೇ ಸಣ್ಣಪುಟ್ಟ ಅಡ್ಡಿಯಾದರೂ ಅಡ್ಡಸುರಂಗದ ಗಾಳಿ ತಿರುಗದಷ್ಟು ಒತ್ತಡ ಪೂರ್ವದ ಬದಿಗೇ ಉಳಿಯುತ್ತಿತ್ತು. ಬಲೆಯ ಗಂಟುಗಳೆಲ್ಲ ಒಪ್ಪಿದವು. ಅವಳ ಮನಸ್ಸೊಂದು ಒಪ್ಪಲಿಲ್ಲ. ಸಹಿ ಹಾಕಲು ಪೆನ್ನು ತೆಗೆದರೆ ಕೈ ಏಳುತ್ತಿರಲಿಲ್ಲ.

ಉಮ್ಮಚಗಿಯಿಂದ ತಾಯಿ ಪರಿಮಳಾ ಫೋನು ಮಾಡಿದಳು. "ಎಂತದೇ ಕೂಸೆ, ದನಿ ಹಿಂಗಿದ್ದು? ಉಂಡ್ಯಾ?"

"ಉಂಡಾತು, ಆಯಿ."

"ಸುಳ್ಳು ಹೇಳಡ. ಆ ಹೊಗೆಲಿ ಬಿದ್ದಿದ್ದ ಮಾಣಿ ಹುಷಾರಾದ್ನಡ?"

"ಅವ್ರು... ಹುಷಾರಾದ್ರು. ಮನೆಗೆ ಹೋದ್ರು."

"ಇಷ್ಟು ಮೆತ್ತಗೆ 'ಅವ್ರು' ಹೇಳಿ ಯಾರನ್ನೂ ಹೇಳಿದ್ದಿಲ್ಲೆ ನೀನು," ಎಂದಳು ಆಯಿ. ಆಮೇಲೆ, "ಉಣ್ಣು ಮೊದಲು," ಎಂದು ಇಟ್ಟಳು.

ಕೊನೆಗೆ ಸ್ಫೂರ್ತಿ ಗಿರೀಶರ ಬಳಿ ಹೋಗಿ ಹೇಳಿದಳು. ಮೊದಲ ಸಿಡಿತಕ್ಕೆ ಕೆಲಸಗಾರರು ಯಾರೂ ಒಳಗಿರಬಾರದು. ತಾನೊಬ್ಬಳೇ ಮುಖವಾಡ ಇಟ್ಟುಕೊಂಡು, ವಿಷಗಾಳಿ ತೋರಿಸುವ ಮೀಟರು ಹಿಡಿದು ಅಡ್ಡಸುರಂಗದಲ್ಲಿ ಕೂತಿರುತ್ತೇನೆ. ಅದು ಸೊನ್ನೆ ತೋರಿಸಿದರೆ ಮಾತ್ರ ಸಹಿ.

"ಹುಚ್ಚಾ ನಿಂಗೆ?" ಎಂದರು ಗಿರೀಶರು.

"ಬೇರೆಯವರನ್ನು ಕೂರಿಸುವಾಗ ಯಾರೂ ಹುಚ್ಚು ಅನ್ನಲಿಲ್ಲವಲ್ಲ ಸರ್."

ರಕ್ಷಣೆಯವರನ್ನು ಕೆಳಗೆ ಚೌಡಮ್ಮನ ಗೂಡಿನ ಹತ್ತಿರ ನಿಲ್ಲಿಸಿ, ಗಿರೀಶರು ಒಪ್ಪಿದರು.

ಅಡ್ಡಸುರಂಗದಲ್ಲಿ ಹಲಗೆಯ ಬೆಂಚೊಂದಿತ್ತು. ಅಂದು ಬಿಟ್ಟು ಓಡಿದ ಬುತ್ತಿಯ ಮುಚ್ಚಳವೊಂದು ಇನ್ನೂ ಅದರ ಕೆಳಗೆ ಬಿದ್ದಿತ್ತು. ಸ್ಫೂರ್ತಿ ಕೂತಳು. ತಲೆದೀಪದ ಬೆಳಕು ಎದುರಿನ ಕರಿ ಬಂಡೆಯ ಮೇಲೆ ನಡುಗುತ್ತಿತ್ತು. ನಡುಗುತ್ತಿದ್ದದ್ದು ಅವಳ ತಲೆ.

ಪೂರ್ವದ ಕಡೆಯಿಂದ ಹೆಜ್ಜೆಯ ಸದ್ದು ಬಂತು. ಇನ್ನೊಂದು ತಲೆದೀಪ ಕಂಡಿತು. ನಡಿಗೆಯಲ್ಲೇ ಅವಳು ಗುರುತು ಹಿಡಿದಳು.

"ನೀವ್ಯಾಕೆ ಬಂದ್ರಿ? ಡಾಕ್ಟರು ಏನಂದಿದ್ರು?"

"ಕೆಲ್ಸಕ್ಕೆ ಹೋಗ್ಬಹುದು ಅಂದ್ರು. ಗಿರೀಶ್ ಸರ್‌ನ ಕೇಳಿಯೇ ಬಂದೆ."

ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಸೊಂಟಕ್ಕೆ ಮುಖವಾಡದ ಡಬ್ಬಿ ಕಟ್ಟಿಕೊಂಡಿದ್ದ. ಮೊದಲಿಗಿಂತ ಸೊರಗಿದ್ದ.

"ನನ್ನ ಲೆಕ್ಕದ ಮೇಲಿನ ನಂಬಿಕೆಯಿಂದ ಬಂದದ್ದಾದರೆ ಈಗಲೇ ಎದ್ದು ಹೋಗಿ," ಎಂದಳು ಅವಳು.

"ನಂಬಿಕೆ ಎಲ್ಲಿಂದ ಬರ್ಬೇಕ್ರೀ? ಬರುವಾಗ ಮೂರು ಕಡೆ ಹೊಗೆ ಬಿಟ್ಟು ನೋಡಿಯೇ ಬಂದೆ."

"ಎಲ್ಲಿಗೆ ಹೋಯ್ತು?"

"ಪಶ್ಚಿಮಕ್ಕೆ. ಆದ್ರೂ ಎದೆ ಡವಗುಟ್ತಾ ಉಂಟು."

"ಮತ್ತೆ ಯಾಕೆ ಬಂದ್ರಿ?"

"ಹೆದ್ರಿಕೆ ಆಗಿ ಬಂದೆ." ಅವನು ತನ್ನ ಬೂಟು ನೋಡುತ್ತ ಹೇಳಿದ. "ಗಣಿಯ ಬಾಯಲ್ಲಿ ನಿಂತಿದ್ದೆ. ನೀವು ಒಳಗೆ, ನಾ ಹೊರಗೆ. ಅಂದು ನೀವು ಹೇಗೆ ನಿಂತಿದ್ರಿ ಅಂತ ರೋಹಿಣಿ ಹೇಳಿದ್ಲು. ನಂಗೆ ಆಗ್ಲಿಲ್ಲಪ್ಪ. ಅಲ್ಲಿ ನಿಂತು ಹೆದರೂದಕ್ಕಿಂತ ಇಲ್ಲಿ ಕೂತು ಹೆದರೂದು ಅಡ್ಡಿಲ್ಲ ಅನ್ನಿಸ್ತು."

ಸ್ಫೂರ್ತಿ ಅವನ ಕಡೆಗೆ ತಿರುಗಿದಳು. ಗಣಿಯ ಬಾಯಿಯಲ್ಲಿ ನಿಂತಾಗ ತನ್ನೊಳಗೆ ಇದ್ದದ್ದೂ ಇದೇ ಅಲ್ಲವೇ? ಅದಕ್ಕೆ ಇಷ್ಟು ದಿನ ಹೆಸರಿಡದೆ ಉಳಿದದ್ದು ತಾನೇ.

ದೂರದಲ್ಲಿ ಸೈರನ್ ಕೂಗಿತು.

"ನಂಗೆ ನಿಮ್ಮ ಮೇಲೆ..." ಎಂದು ಅವನು ಶುರುಮಾಡಿದ.

"ಈಗ ಬೇಡ. ಸಾಯೋರ ಹಾಗೆ ಹೇಳಬೇಡಿ. ಬದುಕಿದ್ಮೇಲೆ ಹೇಳಿ."

ಗುಡ್ಡ ಗುದ್ದಿತು. ಬೆಂಚು ಮೇಲಕ್ಕೆದ್ದು ಕೂತಂತಾಯಿತು. ಮಾಡಿನಿಂದ ಸಣ್ಣ ಕಲ್ಲಿನ ಪುಡಿ ಹೆಲ್ಮೆಟ್ಟಿನ ಮೇಲೆ ಉದುರಿತು. ಆಮೇಲೆ ಬಂದ ಮೌನದಲ್ಲಿ ಅವಳ ಕೈ ಬೆಂಚಿನ ಮೇಲೆ ತಡವರಿಸಿ ಅವನ ಕೈಯನ್ನು ಹಿಡಿಯಿತು. ಇನ್ನೊಂದು ಕೈಯಲ್ಲಿ ಮೀಟರಿತ್ತು. ಇಬ್ಬರೂ ಅದನ್ನೇ ನೋಡಿದರು. ಸೊನ್ನೆ. ಅವಳು ಮನಸ್ಸಿನಲ್ಲೇ ದೇವರ ನಾಮ ಹೇಳುತ್ತಿದ್ದಳು, ಅವನ ತುಟಿಯೂ ಅಲ್ಲಾಡುತ್ತಿತ್ತು. ಪಶ್ಚಿಮದ ತುದಿಯಲ್ಲಿ, ಅವರ ತಲೆದೀಪಗಳ ಬೆಳಕು ಮುಗಿಯುವಲ್ಲಿ, ಧೂಳಿನ ಮೋಡವೊಂದು ಬಂದು ನಿಂತಿತು. ಒಳಗೆ ಬರಲೋ ಬೇಡವೋ ಎಂಬಂತೆ ಹೊಯ್ದಾಡಿತು. ಅವನ ಬೆರಳುಗಳು ಬಿಗಿದವು.

ಪೂರ್ವದಿಂದ ತಂಪು ಗಾಳಿ ಅವಳ ಕುತ್ತಿಗೆಯ ಹಿಂಭಾಗಕ್ಕೆ ತಾಗಿ ಹೋಯಿತು. ಧೂಳು ಮೆಲ್ಲಗೆ ಹಿಂದೆ ಸರಿಯಿತು, ಮೇಲಕ್ಕೆ, ಫ್ಯಾನಿನ ಕಡೆಗೆ.

ಫೋನಿನ ಗಂಟೆ ಹೊಡೆಯಿತು. ಅವಳೇ ಎತ್ತಿದಳು. "ಸೊನ್ನೆ ಇದೆ ಸರ್. ಹೌದು. ಇಬ್ಬರೂ." ಹಿಡಿಕೆಯನ್ನು ಸರಿಯಾಗಿ ಇಟ್ಟು ಬಂದು ಮತ್ತೆ ಕೂತಳು, ಈ ಸಲ ಅವನ ಮಗ್ಗುಲಲ್ಲೇ.

"ಈಗ ಹೇಳ್ಲಾ?" ಎಂದ ಮನೋಹರ.

"ಗೊತ್ತಾಯ್ತು ಬಿಡಿ." ಅವಳು ಕಣ್ಣು ಒರೆಸಿಕೊಂಡಳು. ಕರಿ ಧೂಳು ಕೆನ್ನೆಗೆಲ್ಲ ಬಳಿಯಿತು. "ನಂಗೂ ಅದೇ. ಆದರೆ ಹೆದ್ರಿಕೆ ಇನ್ನೂ ಹೋಗಿಲ್ಲ, ನೋಡಿ. ಆಯಿಗೆ ಹೇಳೂದು ಬೇರೆ ಉಂಟು. ಅದಕ್ಕೆ ಯಾವ ಮೀಟರೂ ಇಲ್ಲ."

"ಜಾತಿ ಬೇರೆ ಅಂತ ನಮ್ಮನೇಲೂ ಗಲಾಟೆ ಆಗ್ತದೆ. ಆಗ್ಲಿ." ಅವನು ಅವಳ ಕೈಯನ್ನು ಎರಡೂ ಕೈಯೊಳಗೆ ಇಟ್ಟುಕೊಂಡ. "ಎಂತ ಮಾಡೂದು? ಹೆದ್ರಿಕೆ ಹೋಗೋ ತನಕ ಇಲ್ಲೇ ಕೂತ್ರೆ ಇಲ್ಲೇ ಮುದುಕ್ರಾಗ್ತ್ವಿ."

"ಹಾಗಾದರೆ ಏಳು," ಎಂದಳು ಸ್ಫೂರ್ತಿ. "ಮನೆ ಮಾಡಿಕೊಂಡು ಅಲ್ಲೇ ಮುದುಕರಾಗುವ."